ಗಳಗಂಡವೂ ಅಡುಗೆಮನೆಯ ಉಪ್ಪೂ

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಕಾರ್ಯಕ್ಕೆ ಅಯೋಡಿನ್ ಅತ್ಯಾವಶ್ಯಕ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಅಷ್ಟೂ ದೊರೆಯದಿದ್ದರೆ ಗ್ರಂಥಿಯು ಊದಿಕೊಂಡು ಗಳಗಂಡವಾಗುತ್ತದೆ. ಗುಡ್ಡನಾಡುಗಳಲ್ಲಿ ಮಳೆಯು ಮಣ್ಣಿನ ಅಯೋಡಿನನ್ನು ತೊಳೆದೊಯ್ಯುವುದರಿಂದ ಅಲ್ಲಿಯ ಬೆಳೆಯಲ್ಲಿಯೂ ಅದು ವಿರಳ. ಇದು ಬರಿಯ ಬಾವಿನ ಮಾತಲ್ಲ. ಗರ್ಭಿಣಿಗೆ ಈ ಕೊರತೆಯಾದರೆ ಹುಟ್ಟುವ ಕೂಸಿನ ಬುದ್ಧಿಯೇ ಕುಂಠಿತವಾಗಬಹುದು.

ಪರಿಹಾರವನ್ನು ತೋರಿದ್ದು ಹಿಮಾಲಯದ ಕಾಂಗ್ರಾ ಕಣಿವೆ. 1956ರಲ್ಲಿ ಆರಂಭವಾದ ಪ್ರಯೋಗದಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಸಂಗಡಿಗರೂ ಕೆಲವು ಭಾಗಗಳಿಗೆ ಅಯೋಡಿನ್ ಬೆರೆತ ಉಪ್ಪನ್ನು, ಹೋಲಿಕೆಗಾಗಿ ಒಂದು ಭಾಗಕ್ಕೆ ಸಾದಾ ಉಪ್ಪನ್ನು ಒದಗಿಸಿದರು. ಅಯೋಡಿನ್ ದೊರೆತೆಡೆಗಳಲ್ಲಿ ಗಳಗಂಡವು ಗಣನೀಯವಾಗಿ ಇಳಿಯಿತು. 1962ರಲ್ಲಿ ಭಾರತ ಸರಕಾರವು ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಕೈಗೊಂಡಿತು.

ನಮ್ಮ ಚಿಕ್ಕಮಗಳೂರು, ಕೊಡಗುಗಳೂ ಈ ವ್ಯಾಧಿಯನ್ನು ಕಂಡ ಸೀಮೆಗಳೇ. ಆದುದರಿಂದ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟು: ಉಪ್ಪು ಕೊಳ್ಳುವಾಗ ಚೀಟಿಯಲ್ಲಿ ಅಯೋಡಿನಿನ ಉಲ್ಲೇಖವನ್ನು ನೋಡಿರಿ; ಒಲೆಯ ಬಿಸಿಗೂ ತೇವಕ್ಕೂ ದೂರವಾಗಿ, ಮುಚ್ಚಳವಿರುವ ಭರಣಿಯಲ್ಲಿಡಿರಿ; ಸಾರು ಕುದಿದಿಳಿಯುವ ಹೊತ್ತಿಗೆ ಹಾಕಿರಿ. ಹೆಚ್ಚು ಉಪ್ಪು ತಿನ್ನಬೇಕೆಂದು ಇದರರ್ಥವಲ್ಲ. ಕುತ್ತಿಗೆಯಲ್ಲಿ ಬಾವು ಕಂಡವರು ಉಪ್ಪನ್ನೇ ನಂಬಿ ಕುಳಿತುಕೊಳ್ಳದೆ ವೈದ್ಯರಿಗೆ ತೋರಿಸಬೇಕು. ಈ ಮಾತನ್ನು ಊರಿನಲ್ಲಿರುವ ತಾಯಂದಿರಿಗೂ ಸೋದರಿಯರಿಗೂ ಮುಟ್ಟಿಸುವುದು ನಮ್ಮೆಲ್ಲರ ಕರ್ತವ್ಯ.