ಒಂದೇ ಗಣಕ, ಹಲವು ಮೇಜು

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1886ರಲ್ಲಿ ಮ್ಯಾನರರ ತುಳು ನಿಘಂಟೂ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟೂ ಅಚ್ಚಾದುವು. ಅಚ್ಚುಮೊಳೆ ಜೋಡಿಸುವವನ ಮುಂದೆ ಪ್ರತಿಯೊಂದು ಅಕ್ಷರಕ್ಕೂ ಗೊತ್ತಾದ ಮನೆಯೊಂದಿರುತ್ತಿತ್ತು. ಆದುದರಿಂದಲೇ ಅವನ ಕೈ ತಡಕಾಡುತ್ತಿರಲಿಲ್ಲ.

ಇಂದು ಆ ನಿಘಂಟುಗಳನ್ನು ನಾನು ಗಣಕದ ಪರದೆಯ ಮೇಲೆ ತೆರೆದಿಟ್ಟು ಬರೆಯುತ್ತೇನೆ. ಅವುಗಳ ಮೇಲೆಯೇ ಪತ್ರಗಳೂ ಮನೆಯ ಲೆಕ್ಕವೂ ಬಂದು ಬಿದ್ದರೆ, ಬೇಕಾದ ಪುಟವನ್ನು ಹುಡುಕುವಷ್ಟರಲ್ಲಿ ಮನಸ್ಸಿನಲ್ಲಿದ್ದ ವಾಕ್ಯವೇ ಕಳೆದುಹೋಗುತ್ತದೆ.

ಈ ತೊಡಕನ್ನು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಹೆಂಡರ್‌ಸನ್ ಮತ್ತು ಕಾರ್ಡ್ ಎಂಬ ಸಂಶೋಧಕರು ಬಹು ಹಿಂದೆಯೇ ಗುರುತಿಸಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು 'ಕೋಣೆ' ಎಂಬ ಅವರ ಏರ್ಪಾಡು 1986ರಲ್ಲಿ ಪ್ರಕಟವಾಯಿತು. 2015ರ ವಿಂಡೋಸ್ 10ರೊಡನೆ 'ವರ್ಚುವಲ್ ಡೆಸ್ಕ್‌ಟಾಪ್' ಮನೆಮನೆಯ ಗಣಕಕ್ಕೂ ಬಂದಿತು. ಕಲ್ಪಿತ ಮೇಜು ಎಂದು ನಾವು ಅದನ್ನು ಕರೆಯಬಹುದು.

ವಿಂಡೋಸ್ ಮತ್ತು ಕಂಟ್ರೋಲ್ ಕೀಲಿಗಳನ್ನು ಅದುಮಿಕೊಂಡು 'ಡಿ' ಅಕ್ಷರವನ್ನು ಒತ್ತಿದರೆ ಹೊಸ ಮೇಜು ಸಿದ್ಧ. ಅವೆರಡರೊಡನೆ ಎಡಬಲದ ಬಾಣದ ಕೀಲಿಗಳನ್ನು ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ನನ್ನ ಮೊದಲ ಮೇಜಿನ ಮೇಲೆ ಬರವಣಿಗೆ ಮತ್ತು ನಿಘಂಟು, ಎರಡನೆಯದರಲ್ಲಿ ಪತ್ರ, ಮೂರನೆಯದರಲ್ಲಿ ಲೆಕ್ಕ.

ಇದರ ಮಿತಿಯನ್ನೂ ಅರಿಯಬೇಕು. ಮೇಜುಗಳು ಹಲವಾದರೂ ಗಣಕದ ಸ್ಮೃತಿ ಒಂದೇ; ಮರೆಯಾದ ಕಡತವೂ ಅದರ ಭಾರವೇ. ಮೇಜನ್ನು ಮುಚ್ಚಿದರೆ ಅಲ್ಲಿದ್ದುದೆಲ್ಲ ಪಕ್ಕದ ಮೇಜಿಗೆ ಸರಿಯುತ್ತದೆ. ಗುಟ್ಟನ್ನು ಕಾಯುವ ಬೀಗವೂ ಇದಲ್ಲ.

ಆದರೂ ಲೆಕ್ಕ ಮುಗಿಸಿ ಬಂದಾಗ ನಿಘಂಟು ಅದೇ ಪದದಲ್ಲಿ ತೆರೆದುಕೊಂಡಿರುತ್ತದೆ, ಅರ್ಧ ಬರೆದ ವಾಕ್ಯ ಅದರ ಪಕ್ಕದಲ್ಲಿಯೇ ಇರುತ್ತದೆ. ಹೊಸಬರು ಎರಡು ಮೇಜುಗಳಿಂದ ಆರಂಭಿಸಿದರೆ ಸಾಕು.