ಸೋತ ವರ್ಷದ ಅಭಿಮಾನ

ಗೆದ್ದವರಿಗೆ ನೆಂಟರು ಬಹಳ; ಸೋತವರ ಬಾಗಿಲಿಗೆ ಬರುವವರು ವಿರಳ. ಕಾಲ್ಚೆಂಡಿನ ಆಟಕ್ಕೂ ಈ ಲೋಕರೂಢಿ ತಪ್ಪಿದುದಲ್ಲ.

2013ರಲ್ಲಿ ಸ್ಥಾಪಿತವಾದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಮೊದಲ ಸಾಲಿನಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನೂ, 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನೂ ಪಡೆಯಿತು. ದೂರದ ಚಿಂಚೋಳಿ ತಾಲ್ಲೂಕಿನ ಚಂದಾಪುರದಲ್ಲಿರುವ ನಮ್ಮ ಮನೆಯ ಹುಡುಗನೂ ಅದರ ನೀಲಿ ಅಂಗಿಯನ್ನು ತೊಟ್ಟು ಮೆರೆದನು.

2023–24ರ ಸಾಲಿನಲ್ಲಾದರೋ ಆಡಿದ 22 ಪಂದ್ಯಗಳಲ್ಲಿ ಗೆದ್ದುದು 5, ಸೋತುದು 10. ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಅಂಗಿಯು ಪೆಟ್ಟಿಗೆಯ ತಳವನ್ನು ಸೇರಿತು. ಹುಡುಗನು ಬೀದಿಯ ಆಟವನ್ನೂ ಬಿಟ್ಟನು. ಆಗ ಕಂಠೀರವ ಕ್ರೀಡಾಂಗಣದಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳು ನಿಂತು ಹಾಡುವುದನ್ನು ದೂರದರ್ಶನದಲ್ಲಿ ಅವನಿಗೆ ತೋರಿಸಿದೆವು.

“ಸೋತರೂ ಏಕೆ ಹಾಡುತ್ತಾರೆ?” ಎಂದನು.

“ಪರೀಕ್ಷೆಯಲ್ಲಿ ನೀನು ತಪ್ಪಿದರೆ ನಿನ್ನವ್ವ ಊಟಕ್ಕೆ ಕರೆಯುವುದಿಲ್ಲವೇನು?” ಎಂದೆವು. ಅವನು ಮಾತನಾಡಲಿಲ್ಲ, ಮರುದಿನ ಸಂಜೆ ಚೆಂಡನ್ನೆತ್ತಿಕೊಂಡು ಹೊರಟನು.

ಮುಂದಿನ ಸಾಲಿನಲ್ಲಿ ತಂಡವು ಮೂರನೆಯ ಸ್ಥಾನಕ್ಕೇರಿ, 2025ರ ಏಪ್ರಿಲಿನಲ್ಲಿ ಅಂತಿಮ ಪಂದ್ಯವನ್ನಾಡಿ, ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನಿಗೆ 2–1ರಿಂದ ಸೋತಿತು. ಆ ರಾತ್ರಿ ಹುಡುಗನು ನೀಲಿ ಅಂಗಿಯನ್ನು ಕಳಚದೆಯೇ ಮಲಗಿದನು. ವಾಚಕರೇ, ನಮಗೆ ಆ ಗೆಲುವೇ ಸಾಕಾಯಿತು.