ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಫಲದ ಎರಡು ಉತ್ತರಗಳು

ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಕ್ಷೇತ್ರಗಣಿತದ ಉದ್ದೇಶಕಗಳಿಗೆ ಎರಡು ಬಗೆಯ ಫಲಗಳನ್ನು ವಿಧಿಸುತ್ತಾರೆ: ವ್ಯಾವಹಾರಿಕ ಮತ್ತು ಸೂಕ್ಷ್ಮ.

ಜಗಳೂರು ಸೀಮೆಯಲ್ಲಿ 20 ಹಸ್ತ ವ್ಯಾಸದ ದುಂಡು ಕಣವೊಂದನ್ನು ಭಾವಿಸಬಹುದು. ವ್ಯಾಸವನ್ನು ಮೂರರಿಂದ ಗುಣಿಸಿದರೆ ಪರಿಧಿ 60 ಹಸ್ತ. ವ್ಯಾಸಾರ್ಧದ ವರ್ಗವನ್ನು ಮೂರರಿಂದ ಗುಣಿಸಿದರೆ ಫಲ 300 ವರ್ಗಹಸ್ತ. ಇದು ವ್ಯಾವಹಾರಿಕ. ಸೂಕ್ಷ್ಮಕ್ಕೆ ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಬೇಕು. ಪರಿಧಿ ಸುಮಾರು 63.25. ಅದನ್ನು ವ್ಯಾಸದ ಕಾಲುಭಾಗದಿಂದ ಗುಣಿಸಲು ಫಲ ಸುಮಾರು 316.2. ಇಂದಿನ ಗಣನೆಯಲ್ಲಿ ಇದು 314.16, ಸೂಕ್ಷ್ಮವೂ ಕೊಂಚ ಹೆಚ್ಚೇ.

ನಾಲ್ಕು ಹಸ್ತಗಳಿಗೆ ಒಂದು ದಂಡ. ಆದರೆ 300 ವರ್ಗಹಸ್ತಗಳನ್ನು ವರ್ಗದಂಡಕ್ಕೆ ತರುವಾಗ ಭಾಜಕ 4 ಅಲ್ಲ, 16, ಲಬ್ಧ 18¾. ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿ ಮೀಟರನ್ನು ಸೆಂಟಿಮೀಟರಿಗೆ ಇಳಿಸುವಾಗ ಎಡವುವುದೂ ಇಲ್ಲಿಯೇ.

ಹಸ್ತಪ್ರತಿಯ ಇಂಥ ಲೆಕ್ಕದ ಕೆಳಗೆ 300 ಎಂದಿದ್ದರೆ, ಅದನ್ನು ಲಿಪಿಕಾರನ ಸ್ಖಾಲಿತ್ಯವೆಂದು ಬಗೆದು ತಿದ್ದುವುದು ಸಾಧುವಲ್ಲ. ಹಾಗೆ ತಿದ್ದಿದ ಪಾಠದಲ್ಲಿ ಸೂತ್ರವೂ ಉತ್ತರವೂ ಹೊಂದದೆ ಹೋಗುತ್ತವೆ. ಉದ್ದೇಶಕವು ಯಾವ ಪ್ರಕರಣದಲ್ಲಿ ಬಂದಿದೆಯೆಂಬುದನ್ನು ಮೊದಲು ನೋಡಬೇಕು. ಎಂ. ರಂಗಾಚಾರ್ಯರು ಸಂಪಾದಿಸಿ 1912ರಲ್ಲಿ ಮದರಾಸಿನಿಂದ ಹೊರಬಂದ ಆವೃತ್ತಿಯಲ್ಲಿ ಎರಡೂ ಪ್ರಕರಣಗಳು ಬೇರೆಬೇರೆಯಾಗಿಯೇ ಇವೆ.